ಫರ್ಸಿ

ಶನಿವಾರ ಮೂರಕ್ಕೆ ತಸ್ನೀಮ್ ಮೇಡಂ ಕ್ಲಾಸು.
ಕೆಮಿಸ್ಟ್ರಿ ಲ್ಯಾಬಿನ ಕಿಟಕಿಗೆ ಕರೀ ಬಟ್ಟೆ ಕಟ್ಟಿ
ಗೋಡೆಗೆ ಬಿಳೀ ಚಾದರ ಹೊಡೆದು
ನಾವು ಏಳು ಮಂದಿ ಜಗತ್ತು ನೋಡುತ್ತೇವೆ.

ಹೊರಗೆ ಕಲಬುರಗಿ, ಮಾರ್ಚಿಗೇ ನಲವತ್ತು ದಾಟಿದೆ.
ಒಳಗೆ ಗ್ರೀಸಿನ ಒಂದು ಕುದುರೆಯ ತಲೆ,
ಇಡೀ ರಾತ್ರಿ ಚಂದ್ರನ ಬಂಡಿ ಎಳೆದು ದಣಿದು
ಬಾಯಿ ಕಳೆದಿದೆ.
ಹಣೆಯ ಮೇಲೆ ನಮ್ಮ ಚಾದರದ ಮಡಿಕೆ.

ಪ್ರತಿ ಚಿತ್ರಕ್ಕೂ ನಾಲ್ಕು ಖಾನೆ:
ಏನು, ಯಾವ ಕಾಲದ್ದು, ಯಾತರದ್ದು, ಈಗೆಲ್ಲಿದೆ.
ಮೊದಲ ಮೂರಕ್ಕೆ ತಿಣುಕುತ್ತೇವೆ.
ನಾಲ್ಕನೆಯದು ಸಲೀಸು:
ಬೆನಿನ್ನಿನ ಹಿತ್ತಾಳೆ ಲಂಡನ್ನಿನಲ್ಲಿ,
ಬಾಬಿಲೋನಿನ ನೀಲಿ ಬಾಗಿಲು ಬರ್ಲಿನ್ನಿನಲ್ಲಿ,
ಕುದುರೆಯೂ ಲಂಡನ್ನಿನಲ್ಲೇ.
"ಎಲ್ಲಾರೂ ಊರು ಬಿಟ್ಟಾರಲ್ರಿ" ಅಂದ ಹಿಂದಿನ ಬೆಂಚಿನ ಅಂಬರಾಯ.
ಮೇಡಂ ನಗಲಿಲ್ಲ.
"ಬಿಟ್ಟಿಲ್ಲ. ಬಿಡಿಸ್ಯಾರ."
ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಅವರ ದನಿ: ಚಪ್ಪಲಿ ಬಿಡ್ರಿ.
ಕಾಲ ಕೆಳಗಿನ ಕಲ್ಲು ಬರೀರಿ, ನಾಲ್ಕೂ ಖಾನೆ.

ಕಾಲ ಕೆಳಗೆ ಫರ್ಸಿ.
ಶಹಾಬಾದಿನದು, ಅಷ್ಟು ನನಗೆ ಗೊತ್ತು,
ಅಲ್ಲಿನ ಖಣಿಯಲ್ಲಿ ಇಪ್ಪತ್ತೊಂದು ವರ್ಷದಿಂದ
ಅಪ್ಪ ಪದರ ಎಬ್ಬಿಸುತ್ತಾನೆ.
ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾನೆ:
ಗಂಟೆಯ ಹಾಗೆ ಅಂದರೆ ಗಟ್ಟಿ,
ಮಂಕಾಗಿ ಅಂದರೆ ಹೊಟ್ಟೆಯೊಳಗೆ ಬಿರುಕು.
ಮನೆ, ಶಾಲೆ, ಕೋರ್ಟು, ನಾನು ಹುಟ್ಟಿದ ದವಾಖಾನೆ,
ಇದನ್ನೇ ತುಳಿದು ಇಷ್ಟು ದೂರ ಬಂದವಳು
ಪೆನ್ನಿನ ಕ್ಯಾಪು ಕಚ್ಚಿ ಕೂತೆ.
ಏನು: ನೆಲ.
ಯಾವ ಕಾಲದ್ದು: ಮೀನಿಗೂ ಮುಂಚಿನದು, ಭೂಗೋಳದ ಸರ್ ಹೇಳಿದ್ದು.
ಯಾತರದ್ದು: ಸುಣ್ಣ, ಕೆಸರು, ತಾಳ್ಮೆ.
(ತಾಳ್ಮೆ ಹೊಡೆದು ಹಾಕಿದೆ.)
ಈಗೆಲ್ಲಿದೆ: ಇಲ್ಲೇ.
ಆ ನೋಟುಬುಕ್ಕಿನಲ್ಲಿ "ಇಲ್ಲೇ" ಎಂದು ಬರೆದದ್ದು
ಅದೇ ಮೊದಲು.

ಒಂದು ರಜೆಯ ದಿನ ಅಪ್ಪನ ಬೈಕಿನ ಹಿಂದೆ ಕೂತು
ಭೀಮೆಯ ದಂಡೆಗೆ, ಕನಗನಹಳ್ಳಿಗೆ.
ಸ್ತೂಪದ ಕಲ್ಲಿನಲ್ಲಿ ರಾಜ, ರಾಣಿ, ಕೊಡೆ, ಚಾಮರ,
ರಾಜನ ಹೆಸರು ಇನ್ನೂ ಓದಲು ಬರುವಂತಿದೆ.
ನಾನು ಹೇಳಿದ್ದೇ ಹೇಳಿದ್ದು, ಮೇಡಂ ದನಿ ಮಾಡಿಕೊಂಡು.
ಅಪ್ಪ ಪಕ್ಕದಲ್ಲಿರಲಿಲ್ಲ.
ಆಚೆ ಬಿದ್ದ ಮುರುಕೊಂದರ ಬಳಿ ಕುಕ್ಕರಗಾಲಲ್ಲಿ ಕೂತು
ಅದರ ಬೆನ್ನು ನೋಡುತ್ತಿದ್ದ,
ಚಿತ್ರ ಇಲ್ಲದ ಕಡೆ,
ಯಾರೂ ಫೋಟೋ ತೆಗೆಯದ ಕಡೆ.
"ಮುಟ್ಟಬ್ಯಾಡ್ರಿ" ಅಂದ ಕಾವಲಿನವ.
ಕೈ ಹಿಂದಕ್ಕೆ ಕಟ್ಟಿಕೊಂಡು
ಮೂಗು ತಾಗುವಷ್ಟು ಬಗ್ಗಿ
ಉಳಿಯ ಗೆರೆಗಳ ಓಟವನ್ನು ಕಣ್ಣಿನಲ್ಲೇ ಸವರಿದ.
"ನಮ್ಮ ಕಲ್ಲೇ ಅದ" ಅಂದ.
ಎಷ್ಟೋ ಹೊತ್ತಿಗೆ,
"ಇಂವ ಎಡಚ ಇದ್ದ."

ಟೆಸ್ಟಿನಲ್ಲಿ ಐದನೇ ಖಾನೆ ನಾನೇ ಎಳೆದೆ,
ಸ್ಕೇಲಿಲ್ಲದೆ, ಸೊಟ್ಟ.
ಯಾರು: ಒಬ್ಬ ಎಡಗೈಯವ.
ಮೇಡಂ ಅದಕ್ಕೆ ಅಂಕ ಕೊಡಲಿಲ್ಲ.
ಕೆಂಪು ಶಾಯಿಯಲ್ಲಿ ಬರೆದಿದ್ದರು: ಪುರಾವೆ?
ಅದರ ಕೆಳಗೆ, ನಿಂಬೆಕ್ಕ, ಶನಿವಾರ ಅಪ್ಪಾರನ್ನ ಕರಕೊಂಡು ಬಾ.

ಬಂದ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ.
ಬೆಂಚು ಬೇಡವೆಂದು ಫರ್ಸಿಯ ಮೇಲೇ ಕೂತ.
ಚಾದರದಲ್ಲಿ ಕುದುರೆ ಮತ್ತೆ ಬಾಯಿ ಕಳೆಯಿತು.
ಮೇಡಂ ಅಮೃತಶಿಲೆ ಅಂದರು, ಕ್ರಿಸ್ತಪೂರ್ವ ಅಂದರು,
ಗುಡಿಯ ನೆತ್ತಿಯ ಮೂಲೆಯಲ್ಲಿತ್ತು ಅಂದರು.
ಅಪ್ಪ ನಮ್ಮ ಹಾಗೇ ಕೈ ಎತ್ತಿದ.
"ಅಷ್ಟು ಮ್ಯಾಲ ಎತ್ಲಾಕ
ಎಷ್ಟು ಮಂದಿ ಇದ್ರು ಬಾಯೋರೇ?"

ಮೇಡಂ ಪುಸ್ತಕ ತಿರುವಿದರು,
ಮುಂದಕ್ಕೆ, ಮತ್ತೆ ಹಿಂದಕ್ಕೆ.
ಅಂಬರಾಯ ಉತ್ತರ ಬರೆದುಕೊಳ್ಳಲು
ಪೆನ್ನು ಹಿಡಿದು ಕೂತೇ ಇದ್ದ.